ಯುವರ್ ಸಾಂಗ್ ಕೀಬೋರ್ಡಲ್ಲಿ ಕಲಿಯೋದು ಹೇಗೆ: ಮೊದಲು ಎಡಗೈ, ಆಮೇಲೆ ಮಿಕ್ಕಿದ್ದು

ಎಲ್ಟನ್ ಜಾನ್ ಹಾಡಿರೋ ಯುವರ್ ಸಾಂಗ್ ಕಲೀಬೇಕು ಅಂತ ಕೂತ್ಕೊಳೋರು ಬಹಳ ಜನ ಮೊದಲು ಬಲಗೈ ಹಿಡ್ಕೋತಾರೆ, ಟ್ಯೂನ್ ಬಂದ್ಬಿಟ್ರೆ ಹಾಡು ಬಂದ ಹಾಗೆ ಅನ್ಕೊಂಡು. ನಾನು ಹೇಳೋದು ಉಲ್ಟಾ. ಈ ಹಾಡಿನ ಜೀವ ಇರೋದು ಎಡಗೈಯಲ್ಲಿ. ಪದಗಳೆಲ್ಲ ನಾಚ್ಕೊಂಡು ತಡವರಿಸ್ತಾ ಇರ್ತವೆ, ಹೇಳ್ಬೇಕಾದ ಮಾತನ್ನ ನಿಜವಾಗ್ಲೂ ಹೇಳೋದು ಕೆಳಗಡೆ ಒಂದೊಂದೇ ಮನೆ ಇಳೀತಾ ಹತ್ತುತಾ ಹೋಗೋ ಬೇಸ್, ಅಂದ್ರೆ ಎಡಗೈ ನುಡಿಸೋ ಕೆಳಗಿನ ಸ್ವರ. ಅದನ್ನ ಒಂದ್ಸಲ ಕೈಗೆ ತಗೊಂಡ್ರೆ ಮಿಕ್ಕಿದ್ದು ತಾನಾಗೇ ಬರತ್ತೆ.

ಮೇಜರ್, ಮೈನರ್ ಕಾರ್ಡ್ ಅಂದ್ರೆ ಏನು ಅಂತ ಗೊತ್ತಿದ್ರೆ ಸಾಕು, ಗ್ರೇಡ್ ಎಕ್ಸಾಮ್ ಏನೂ ಮಾಡಿರ್ಬೇಕಾಗಿಲ್ಲ. 61 ಕೀ ಇರೋ ಕೀಬೋರ್ಡ್ ಸಾಕು, ಆದ್ರೆ ಸಸ್ಟೇನ್ ಪೆಡಲ್ (ಬೆರಳು ಎತ್ತಿದ್ಮೇಲೂ ಸ್ವರ ಉಳಿಸೋ ಕಾಲಿನ ಪೆಡಲ್) ಮಾತ್ರ ಬೇಕೇ ಬೇಕು, ಅದಿಲ್ದೆ ಈ ಹಾಡು ಒಣ ಒಣ ಅನ್ಸತ್ತೆ. ಕೀಬೋರ್ಡಲ್ಲಿ ರಿದಮ್ ಸ್ಟೈಲ್ ಆನ್ ಆಗಿದ್ರೆ ಆಫ್ ಮಾಡಿ, ಬರೀ ಪಿಯಾನೋ ಟೋನ್ ಇಟ್ಕೊಳ್ಳಿ. ಅಪಾರ್ಟ್‌ಮೆಂಟಲ್ಲಿ ಇರೋರು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಮಾಡಿ, ಈ ಹಾಡಿಗೆ ಅದು ಇನ್ನೂ ಒಳ್ಳೇದೇ, ಬೇಸ್ ಸ್ಪಷ್ಟವಾಗಿ ಕೇಳತ್ತೆ.

ನುಡಿಸೋಕೆ ಮುಂಚೆ ಕಥೆ ಸ್ವಲ್ಪ ತಿಳ್ಕೊಳ್ಳಿ, ಯಾಕಂದ್ರೆ ಹೇಗೆ ನುಡಿಸ್ಬೇಕು ಅನ್ನೋದು ಆ ಕಥೆಯಲ್ಲೇ ಇದೆ. 1967ರಲ್ಲಿ ಲಂಡನ್ನಿನ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೇಲಿ ಲಿಬರ್ಟಿ ರೆಕಾರ್ಡ್ಸ್ ಕಂಪನಿ ಒಂದು ಜಾಹೀರಾತು ಹಾಕಿತ್ತು, ಹೊಸ ಕಲಾವಿದರು ಬೇಕು ಅಂತ. ಅದಕ್ಕೆ ಬರೆದವರಲ್ಲಿ ಒಬ್ಬ ರೆಜಿನಾಲ್ಡ್ ಡ್ವೈಟ್, ಅಂದ್ರೆ ಮುಂದೆ ಎಲ್ಟನ್ ಜಾನ್ ಆದವನು, ಪಿಯಾನೋ ಚೆನ್ನಾಗಿ ಬರ್ತಿತ್ತು ಆದ್ರೆ ಪದ ಬರೆಯೋಕೆ ಬರ್ತಿರ್ಲಿಲ್ಲ. ಇನ್ನೊಬ್ಬ ಬರ್ನಿ ಟಾಪಿನ್, ಲಿಂಕನ್‌ಶೈರ್ ಕಡೆಯ ಹಳ್ಳಿ ಹುಡುಗ, ಪದ ಬರೀತಿದ್ದ ಆದ್ರೆ ರಾಗ ಹಾಕೋಕೆ ಗೊತ್ತಿರ್ಲಿಲ್ಲ. ಕಂಪನಿ ಇಬ್ಬರನ್ನೂ ತಗೊಳ್ಲಿಲ್ಲ, ಆದ್ರೆ ಅಲ್ಲಿದ್ದ ರೇ ವಿಲಿಯಮ್ಸ್ ಅನ್ನೋರು ಟಾಪಿನ್ ಕಳಿಸಿದ್ದ ಪದ್ಯಗಳ ಕವರನ್ನ ಎಲ್ಟನ್ ಕೈಗೆ ಕೊಟ್ರು. ಅಲ್ಲಿಂದ ಶುರುವಾದ ಜೋಡಿ ಇದು. ಟಾಪಿನ್ ಬರೆದು ಕೊಡೋದು, ಎಲ್ಟನ್ ಪಿಯಾನೋ ಮುಂದೆ ಆ ಹಾಳೆ ಇಟ್ಕೊಂಡು ರಾಗ ಹಾಕೋದು, ಇದೇ ಅವರ ಪದ್ಧತಿ.

ಇದು ನಮಗೆ ಹೊಸದಲ್ಲ. ಸಿನಿಮಾ ಹಾಡಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು, ಆಮೇಲೆ ಸಾಹಿತ್ಯ ಕೂರಿಸ್ತಾರೆ, ಆದ್ರೆ ನಮ್ಮ ಸುಗಮ ಸಂಗೀತದಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇವರೆಲ್ಲ ಕವಿಗಳು ಬರೆದಿಟ್ಟ ಪದ್ಯ ತಗೊಂಡು, ಅದ್ರಲ್ಲಿರೋ ಮಾತಿನ ಏರಿಳಿತಕ್ಕೆ ತಕ್ಕ ಹಾಗೆ ರಾಗ ಹಾಕಿದ್ದು. ಯುವರ್ ಸಾಂಗ್ ಕೂಡ ಆ ಜಾತಿಗೆ ಸೇರಿದ್ದು, ಅಂದ್ರೆ ಭಾವಗೀತೆ ಅಂತಾನೇ ಅನ್ಕೊಂಡು ಕೂತ್ಕೊಳ್ಳಿ, ರಾಕ್ ಅನ್ನೋ ಪದ ಮರೆತುಬಿಡಿ ಸ್ವಲ್ಪ ಹೊತ್ತು.

ಹಾಡು ಹುಟ್ಟಿದ್ದು 1969ರ ಅಕ್ಟೋಬರಲ್ಲಿ. ಆಗ ಇಬ್ಬರೂ ಇದ್ದದ್ದು ಲಂಡನ್ ಹೊರವಲಯದಲ್ಲಿ ಎಲ್ಟನ್ ಅವರ ತಾಯಿಯ ಫ್ಲ್ಯಾಟಲ್ಲಿ. ಟಾಪಿನ್‌ಗೆ ಆಗ 19 ವರ್ಷ, ಎಲ್ಟನ್‌ಗೆ 22. ಬೆಳಿಗ್ಗೆ ತಿಂಡಿ ಹೊತ್ತಲ್ಲಿ ಟಾಪಿನ್ ಪದ ಬರೆದ, ಎಲ್ಟನ್ ಆ ಹಾಳೆ ಇಟ್ಕೊಂಡು ಕೂತು ಅರ್ಧ ಗಂಟೆ ಕೂಡ ತಗೊಳ್ದೆ ಟ್ಯೂನ್ ಮಾಡಿ ಮುಗಿಸ್ದ. ಇನ್ನೂ ಪ್ರೀತಿ ಅಂದ್ರೇನು ಅಂತ ಸರಿಯಾಗಿ ಗೊತ್ತಿಲ್ದಿರೋ ಹುಡುಗ ಬರೆದ ತುಂಬಾ ಮುಗ್ಧವಾದ ಪದ್ಯ ಅದು ಅಂತ ಟಾಪಿನ್ನೇ ಮುಂದೆ ಹೇಳ್ಕೊಂಡಿದಾನೆ. ಸಾಹಿತ್ಯ ಓದಿ ನೋಡಿ, ಆ ಹುಡುಗ ಒಂದು ಮಾತು ಶುರು ಮಾಡ್ತಾನೆ, ಶಿಲ್ಪಿ ಆಗಿದ್ರೆ ಅಂತಾನೆ, ಆಮೇಲೆ ಅದು ಬೇಡ ಅಂತ ತಾನೇ ತುಂಡು ಮಾಡ್ತಾನೆ, ಎರಡನೇ ವರ್ಸಲ್ಲಂತೂ, ಅಂದ್ರೆ ಚರಣದಲ್ಲಿ, ಅವಳ ಕಣ್ಣು ಹಸಿರೋ ನೀಲಿಯೋ ಅನ್ನೋದೇ ಮರೆತೋಗಿದೆ ಅಂತಾನೆ. ಇಷ್ಟು ಅಳುಕಿರೋ ಹಾಡನ್ನ ದೊಡ್ಡ ಪಾಂಡಿತ್ಯ ತೋರಿಸ್ತಾ ನುಡಿಸಿದ್ರೆ ಹಾಡು ಸತ್ತೇ ಹೋಗತ್ತೆ.

ಆದ್ರೆ ಪದ ಅಷ್ಟು ಅಳುಕ್ತಿದ್ರೂ ಕಾರ್ಡುಗಳು ಅಳುಕಲ್ಲ. ಎಲ್ಟನ್ 11ನೇ ವಯಸ್ಸಿಂದ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಸ್ಕಾಲರ್‌ಶಿಪ್ ಮೇಲೆ ಶನಿವಾರದ ಕ್ಲಾಸ್‌ಗೆ ಹೋಗಿ ಬಾಖ್, ಶೋಪಾನ್ ಎಲ್ಲ ಕಲಿತವನು, ಆಮೇಲೆ ಪಬ್‌ಗಳಲ್ಲೂ ಪಿಯಾನೋ ನುಡಿಸಿದವನು. ಬೇಸಿಗೆ ತನ್ನದೇ ಒಂದು ದಾರಿ ಇರ್ಬೇಕು ಅನ್ನೋದು ಬಾಖ್ ಕಲಿತ ಕೈಗೆ ತಾನಾಗೇ ಬರೋ ಅಭ್ಯಾಸ.

ಈಗ ಕೈ ಇಡಿ. ಶ್ರುತಿ ಇ ಫ್ಲಾಟ್, ನಮ್ಮ ಲೆಕ್ಕದಲ್ಲಿ ಎರಡೂವರೆ ಮನೆ. ಇ ಫ್ಲಾಟ್, ಎ ಫ್ಲಾಟ್, ಬಿ ಫ್ಲಾಟ್ ಮೂರೂ ಕರಿ ಮನೆ, ನೋಡೋಕೆ ಭಯ ಆಗತ್ತೆ, ಆದ್ರೆ ಬೆರಳು ಅಲ್ಲಿ ಆರಾಮಾಗಿ ಕೂರತ್ತೆ. ಸಿ ಸ್ಕೇಲಲ್ಲಿ ಕಲಿತು ಟ್ರಾನ್ಸ್‌ಪೋಸ್ ಬಟನ್ ಒತ್ತೋಣ ಅನ್ಸಿದ್ರೆ ಬೇಡ, ಕೈಯ ಆಕಾರಾನೇ ಈ ಹಾಡನ್ನ ಅರ್ಧ ಕಲಿಸೋದು.

ಇಂಟ್ರೋ ಸುಲಭ. ಎಡಗೈ ಇ ಫ್ಲಾಟ್ ಮೇಲೆ ಇಟ್ಟು ಅಲ್ಲೇ ಬಿಡಿ. ಬಲಗೈಯಲ್ಲಿ ಇ ಫ್ಲಾಟ್, ಎ ಫ್ಲಾಟ್, ಬಿ ಫ್ಲಾಟ್, ಮತ್ತೆ ಎ ಫ್ಲಾಟ್ ಕಾರ್ಡ್. ಮೇಲೆ ಕಾರ್ಡ್ ಬದಲಾಗ್ತಾ ಇದ್ರೂ ಕೆಳಗೆ ಆಧಾರ ಷಡ್ಜ ಹಾಗೇ ಇರತ್ತೆ, ತಂಬೂರಿ ಮೀಟಿದ ಹಾಗೆ. ಇಲ್ಲಿ ಬೇಸ್ ಒಂಚೂರೂ ಅಲ್ಲಾಡ್ಬಾರ್ದು, ಯಾಕಂದ್ರೆ ವರ್ಸ್ ಶುರುವಾದ ತಕ್ಷಣ ಅದು ನಡೆಯೋಕೆ ಶುರು ಮಾಡತ್ತೆ, ನಿಂತಿದ್ದು ನಡೆದಾಗ್ಲೇ ಕೇಳೋರಿಗೆ ಆ ಬದಲಾವಣೆ ತಟ್ಟೋದು.

ವರ್ಸಿನ ನಾಲ್ಕು ಸಾಲಿನ ಕಾರ್ಡ್ ಹೀಗೆ, ಒಂದೊಂದಕ್ಕೂ ಎರಡೆರಡು ಬೀಟ್:

ಇ ಫ್ಲಾಟ್ – ಎ ಫ್ಲಾಟ್ ಮೇಜರ್ ಸೆವೆನ್ – ಬಿ ಫ್ಲಾಟ್, ಬೇಸಲ್ಲಿ ಡಿ – ಜಿ ಮೈನರ್
ಸಿ ಮೈನರ್ – ಸಿ ಮೈನರ್, ಬೇಸಲ್ಲಿ ಬಿ ಫ್ಲಾಟ್ – ಸಿ ಮೈನರ್, ಬೇಸಲ್ಲಿ ಎ – ಎ ಫ್ಲಾಟ್
ಇ ಫ್ಲಾಟ್, ಬೇಸಲ್ಲಿ ಬಿ ಫ್ಲಾಟ್ – ಬಿ ಫ್ಲಾಟ್ – ಜಿ ಮೇಜರ್, ಬೇಸಲ್ಲಿ ಬಿ – ಸಿ ಮೈನರ್
ಇ ಫ್ಲಾಟ್ – ಎಫ್ ಮೈನರ್ ಸೆವೆನ್ – ಎ ಫ್ಲಾಟ್ – ಬಿ ಫ್ಲಾಟ್

ಕರ್ನಾಟಕ ಸಂಗೀತ ಗೊತ್ತಿರೋರು ಬರೀ ಬೇಸನ್ನ ಸ್ವರ ಹಾಕಿ ಹಾಡ್ಕೊಳ್ಳಿ: ಸ ಮ ನಿ ಗ, ದ ಪ ಮ ಮ, ಪ ಪ ದ ದ, ಸ ರಿ ಮ ಪ. ಕೀಬೋರ್ಡ್ ಮುಟ್ಟೋಕೆ ಮುಂಚೆ ಇದನ್ನ ಬಾಯಿಪಾಠ ಮಾಡಿ, ಬಿಎಂಟಿಸಿ ಬಸ್ಸಲ್ಲಿ ನಿಂತ್ಕೊಂಡೇ ಮಾಡ್ಬೋದು.

ಮೊದಲ ಸಾಲಲ್ಲಿ ಬಲಗೈ ಜಿ, ಬಿ ಫ್ಲಾಟ್, ಇ ಫ್ಲಾಟ್ ಮೇಲಿಡಿ. ಎರಡನೇ ಕಾರ್ಡಿಗೆ ಮಧ್ಯದ ಬೆರಳು ಮಾತ್ರ ಬಿ ಫ್ಲಾಟಿಂದ ಸಿಗೆ ಹೋಗತ್ತೆ, ಮಿಕ್ಕ ಎರಡು ಅಲ್ಲೇ. ಮೂರನೇ ಕಾರ್ಡಿಗೆ ಎಫ್, ಬಿ ಫ್ಲಾಟ್, ಡಿ. ನಾಲ್ಕನೇದಕ್ಕೆ ಮತ್ತೆ ಒಂದೇ ಬೆರಳು, ಎಫ್ ಹೋಗಿ ಜಿ. ಅಷ್ಟೇ ಕೆಲಸ. ಕೈ ಎತ್ತಿ ಎತ್ತಿ ಇಡ್ತಾ ಇದೀರಾ ಅಂದ್ರೆ ಎಲ್ಲೋ ತಪ್ಪು ಇನ್ವರ್ಷನ್ (ಕಾರ್ಡಿನ ಸ್ವರಗಳನ್ನ ಜೋಡಿಸೋ ಕ್ರಮ) ಹಿಡಿದಿದೀರಾ ಅಂತ ಅರ್ಥ.

ಎರಡನೇ ಸಾಲು ಇದ್ಯಲ್ಲ, ಇಲ್ಲಿ ನಿಧಾನ ಮಾಡಿ, ಇಡೀ ಹಾಡಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಬಲಗೈ ಜಿ, ಸಿ, ಇ ಫ್ಲಾಟ್ ಮೇಲಿಟ್ಟು ನಾಲ್ಕು ಕಾರ್ಡು ಮುಗಿಯೋವರ್ಗೂ ತೆಗೀಲೇಬೇಡಿ. ಎಡಗೈ ಮಾತ್ರ ಸಿ, ಬಿ ಫ್ಲಾಟ್, ಎ, ಎ ಫ್ಲಾಟ್ ಅಂತ ಇಳೀಲಿ. ಮೇಲೆ ಇರೋ ಮೂರು ಸ್ವರ ಅವೇ, ಆದ್ರೂ ಕೆಳಗೆ ಒಂದು ಮನೆ ಬದಲಾದ ಕೂಡ್ಲೇ ಅವುಗಳ ಬಣ್ಣಾನೇ ಬದಲಾಗತ್ತೆ. ಸಿ ಮೇಲಿದ್ದಾಗ ಮಾಮೂಲಿ ಮೈನರ್, ಬಿ ಫ್ಲಾಟ್ ಬಂದಾಗ ಮೈನರ್ ಸೆವೆನ್, ಸ್ವಲ್ಪ ಮೆತ್ತಗಾಗತ್ತೆ, ಎ ಬಂದಾಗ ಹಾಫ್ ಡಿಮಿನಿಷ್ಡ್ ಆಗಿ ಎದೆಯಲ್ಲಿ ಏನೋ ಸಿಕ್ಕಾಕೊಂಡ ಹಾಗಾಗತ್ತೆ, ಎ ಫ್ಲಾಟಿಗೆ ಇಳಿದ ತಕ್ಷಣ ಮೇಜರ್ ಸೆವೆನ್ ಆಗಿ ಉಸಿರು ಬಿಟ್ಟ ಹಾಗೆ. ಆ ಎ ಮೇಲೆ ಯಾಕೆ ಹಾಗನ್ಸತ್ತೆ ಅಂದ್ರೆ, ಕೆಳಗಿನ ಎಗೂ ಮೇಲಿನ ಇ ಫ್ಲಾಟಿಗೂ ಮಧ್ಯೆ ಇರೋದು ಟ್ರೈಟೋನ್ ಅಂತರ, ಅಂದ್ರೆ ಮೂರು ಪೂರ್ತಿ ಸ್ವರದಷ್ಟು, ಅದು ನಿಲ್ಲೋಕೆ ಬಿಡಲ್ಲ, ಎಲ್ಲಾದ್ರೂ ಹೋಗಿ ಅಂತ ತಳ್ಳತ್ತೆ, ಅರ್ಧ ಸ್ವರ ಕೆಳಗೆ ಜಾರಿದ್ರೆ ಆ ಎಳೆತ ಬಿಟ್ಟೋಗತ್ತೆ. ಇದೇ ಜಾಗದಲ್ಲಿ ಆ ಹುಡುಗ ಹೇಳ್ತಿರೋದು, ನಾನು ಮನಸ್ಸಲ್ಲಿರೋದನ್ನ ಸುಲಭವಾಗಿ ಮುಚ್ಚಿಡೋನಲ್ಲ ಅಂತ.

ನಮ್ಮ ಪಕ್ಕದ್ಮನೆ ಹುಡುಗಿ, ಸಂಗೀತದ ಸೀನಿಯರ್ ಎಕ್ಸಾಮ್‌ಗೆ ತಯಾರಾಗ್ತಿದ್ದವಳು, ನಾನು ಇದನ್ನ ನುಡಿಸ್ತಾ ಇರ್ಬೇಕಾದ್ರೆ ಬಾಗಿಲಲ್ಲಿ ನಿಂತು ಕೇಳಿ, "ಅಣ್ಣ, ಅಲ್ಲಿ ಪ್ರತಿ ಮಧ್ಯಮ ಬಂತಲ್ಲ, ಅದರ ಬೆನ್ನಿಗೇ ಶುದ್ಧ ಮಧ್ಯಮ" ಅಂದ್ಲು. ಕಾರ್ಡ್ ಹೆಸರು ಒಂದೂ ಗೊತ್ತಿಲ್ದೆ ಹಿಡಿದ್ಲು. ಇ ಫ್ಲಾಟ್ ಷಡ್ಜ ಅಂದ್ರೆ ಎ ಪ್ರತಿ ಮಧ್ಯಮ, ಎ ಫ್ಲಾಟ್ ಶುದ್ಧ ಮಧ್ಯಮ, ಶಂಕರಾಭರಣದ ಥರ ಹೋಗ್ತಿದ್ದ ಹಾಡಿಗೆ ಹೊರಗಿಂದ ಒಂದು ಸ್ವರ ಬಂದು ಹಾಗೇ ಒಳಗಿನ ಸ್ವರಕ್ಕೆ ಜಾರ್ಕೊಂಡು ಹೋಗತ್ತೆ. ಹಮೀರ್ ಕಲ್ಯಾಣಿಯಲ್ಲಿ ಎರಡು ಮಧ್ಯಮ ಕೇಳಿ ಅಭ್ಯಾಸ ಇರೋ ಕಿವಿಗೆ ಇದು ಬೇಗ ಸಿಗತ್ತೆ. ಇದು ಆ ರಾಗ ಅಂತಲ್ಲ, ದಯವಿಟ್ಟು ಹಾಗೆ ಯಾರಿಗೂ ಹೇಳ್ಬೇಡಿ, ಕಿವಿಗೆ ಒಂದು ಹಿಡಿಕೆ ಅಷ್ಟೇ.

ಮೂರನೇ ಸಾಲಲ್ಲಿ ಇದರ ಉಲ್ಟಾ ಆಗತ್ತೆ. ಬೇಸ್ ಬಿ ಫ್ಲಾಟ್ ಮೇಲೆ ಎರಡು ಕಾರ್ಡ್ ನಿಂತು, ಆಮೇಲೆ ಬಿ, ಆಮೇಲೆ ಸಿ, ಅಂದ್ರೆ ಅರ್ಧರ್ಧ ಸ್ವರ ಮೇಲಕ್ಕೆ ಹತ್ತತ್ತೆ. ಹೊರಗಿನ ಸ್ವರ ಇಲ್ಲಿ ಬಿ, ಶುದ್ಧ ಧೈವತ. ಬಲಗೈ ಜಿ ಬಿ ಫ್ಲಾಟ್ ಇ ಫ್ಲಾಟ್, ಎಫ್ ಬಿ ಫ್ಲಾಟ್ ಡಿ, ಜಿ ಬಿ ಡಿ, ಜಿ ಸಿ ಇ ಫ್ಲಾಟ್. ಮಧ್ಯದ ಬೆರಳನ್ನ ಗಮನಿಸಿ, ಅದೂ ಬೇಸಿನ ಜೊತೇಲೇ ಬಿ ಫ್ಲಾಟ್, ಬಿ ಫ್ಲಾಟ್, ಬಿ, ಸಿ ಅಂತ ಹತ್ತತಾ ಹೋಗತ್ತೆ. ಮೊದಲ ಸಾಲು ಮುಗಿದಿದ್ದು ಜಿ ಮೈನರಲ್ಲಿ, ಈ ಸ್ಕೇಲಿಗೆ ಸಹಜವಾಗಿ ಬರೋದು ಅದೇ. ಇಲ್ಲಿ ಅದೇ ಜಿ ಕಾರ್ಡಿನ ಒಂದು ಸ್ವರ ಅರ್ಧ ಎತ್ತಿ ಮೇಜರ್ ಮಾಡಿದಾನೆ, ಥಿಯರಿಯಲ್ಲಿ ಸೆಕೆಂಡರಿ ಡಾಮಿನೆಂಟ್ ಅಂತಾರೆ, ಸಿ ಮೈನರಿಗೆ ಹೋಗೋಕೆ ಬಾಗಿಲು ತೆಗೆಯೋ ಕಾರ್ಡ್. ಇಲ್ಲಿ ಸಾಹಿತ್ಯ ಏನು ಅಂದ್ರೆ, ನನ್ನತ್ರ ದುಡ್ಡಿಲ್ಲ, ಆದ್ರೆ ಇದ್ದಿದ್ರೆ ಅಂತ. ಆ ಇದ್ದಿದ್ರೆ ಅನ್ನೋ ಆಸೆ ಬರೋ ಹೊತ್ತಿಗೇ ಬೇಸ್ ಮೇಲಕ್ಕೆ ಏಳತ್ತೆ. ಮುಚ್ಚಿಡೋಕಾಗಲ್ಲ ಅನ್ನೋವಾಗ ಇಳಿದಿದ್ದು, ಆಸೆ ಪಡೋವಾಗ ಹತ್ತಿದ್ದು, ಎರಡು ಕಡೆನೂ ಹೊರಗಿನ ಸ್ವರ ಕೂತಿರೋದು ಬೇಸಲ್ಲೇ. ಅದಕ್ಕೇ ಎಡಗೈ ಮೊದಲು ಕಲೀರಿ ಅಂತ ಬಡ್ಕೊಳ್ತಿರೋದು.

ನಾಲ್ಕನೇ ಸಾಲಲ್ಲಿ ಬೇಸ್ ಸ ರಿ ಮ ಪ ಅಂತ ನೇರ ಹತ್ತತ್ತೆ. ಇ ಫ್ಲಾಟ್ ಆದ್ಮೇಲೆ ಬಲಗೈಯಲ್ಲಿ ಎ ಫ್ಲಾಟ್, ಸಿ, ಇ ಫ್ಲಾಟ್ ಹಿಡೀರಿ, ಬೇಸ್ ಎಫ್ ಇದ್ರೆ ಅದು ಎಫ್ ಮೈನರ್ ಸೆವೆನ್, ಬೇಸ್ ಎ ಫ್ಲಾಟಿಗೆ ಬಂದ್ರೆ ಎ ಫ್ಲಾಟ್, ಬಲಗೈ ಬದಲಾಯಿಸೋ ಹಾಗೇ ಇಲ್ಲ. ಕೊನೇ ಬಿ ಫ್ಲಾಟಲ್ಲಿ ಮೊದಲು ಬಿ ಫ್ಲಾಟ್, ಇ ಫ್ಲಾಟ್, ಎಫ್ ಒತ್ತಿ, ಆಮೇಲೆ ಆ ಇ ಫ್ಲಾಟನ್ನ ಡಿಗೆ ಇಳಿಸಿ, ಸಸ್ಪೆನ್ಷನ್ ಬಿಡಿಸೋದು ಅಂದ್ರೆ ಇದೇ. ಮೊದಲ ನಾಲ್ಕು ಸಾಲು ಹೀಗೆ ಪಂಚಮದಲ್ಲಿ ತೂಗಾಡ್ತಾ ನಿಲ್ಲತ್ತೆ. ಎರಡನೇ ಸಲ ಅದೇ ನಾಲ್ಕು ಸಾಲು ಬಂದಾಗ ಮಾತ್ರ ಕೊನೆಗೆ ಎ ಫ್ಲಾಟಿಂದ ನೇರ ಇ ಫ್ಲಾಟಿಗೆ ಬಂದು ಮನೆ ಸೇರತ್ತೆ, ನನ್ನ ಹಾಡೇ ನನ್ನ ಉಡುಗೊರೆ ಅಂತ ಅವನು ಹೇಳೋದು ಅಲ್ಲೇ. ಫ್ರೇಜರ್ ಟೌನ್, ರಿಚ್ಮಂಡ್ ಟೌನ್ ಕಡೆ ಚರ್ಚಲ್ಲಿ ಹಾಡಿ ಬೆಳೆದಿರೋರಿಗೆ ಈ ಮುಕ್ತಾಯ ಹೊಸದಲ್ಲ, ಸ್ತೋತ್ರದ ಕೊನೇಲಿ ಆಮೆನ್ ಅಂತ ಹಾಡೋವಾಗ ಬರೋದು ಇದೇ ಎರಡು ಕಾರ್ಡ್.

ಕೋರಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಿ ಫ್ಲಾಟ್, ಸಿ ಮೈನರ್, ಎಫ್ ಮೈನರ್, ಎ ಫ್ಲಾಟ್, ಇದು ಎರಡು ಸಲ. ಆಮೇಲೆ ಅವನು, ನಾನಿದನ್ನ ಪದದಲ್ಲಿ ಬರೆದಿದ್ದಕ್ಕೆ ಬೇಜಾರಾಗ್ಬೇಡ ಅಂತ ಕೇಳ್ಕೊಳೋ ಜಾಗದಲ್ಲಿ ನಮ್ಮ ಎರಡನೇ ಸಾಲಿನ ಇಳಿಯೋ ಬೇಸ್ ಪೂರ್ತಿ ವಾಪಸ್ ಬರತ್ತೆ, ಸಿ, ಬಿ ಫ್ಲಾಟ್, ಎ, ಎ ಫ್ಲಾಟ್. ವರ್ಸಲ್ಲಿ ಚೆನ್ನಾಗಿ ಕಲಿತಿದ್ರೆ ಇಲ್ಲಿ ಹೊಸದಾಗಿ ಕಲಿಯೋದು ಏನೂ ಇಲ್ಲ, ಸ್ವಲ್ಪ ಜೋರಾಗಿ ನುಡಿಸಿ ಅಷ್ಟೇ. ಕೋರಸಿನ ಕೊನೇ ಸಾಲಿಗೆ ವರ್ಸಿನ ನಾಲ್ಕನೇ ಸಾಲಿನ ಕಾರ್ಡೇ ಹಾಕಿ.

ಪೆಡಲ್ ವಿಷಯಕ್ಕೆ ಬರ್ತೀನಿ, ಬಹಳ ಜನರ ಹಾಡು ಕೆಡೋದು ಇಲ್ಲೇ. ಪೆಡಲ್ ಒತ್ತಿ ಹಿಡ್ಕೊಂಡೇ ಇದ್ರೆ ಎ ಮತ್ತೆ ಎ ಫ್ಲಾಟ್ ಒಂದರ ಮೇಲೊಂದು ಬಿದ್ದು ಕಿವಿಗೆ ಕರ್ಕಶವಾಗತ್ತೆ. ಪ್ರತಿ ಬೇಸ್ ಬದಲಾದಾಗ್ಲೂ ಪೆಡಲ್ ಬದಲಾಯಿಸಿ, ಅದೂ ಹೊಸ ಬೇಸ್ ಒತ್ತಿದ ಕ್ಷಣಕ್ಕೆ ಕಾಲೆತ್ತಿ ತಕ್ಷಣ ಮತ್ತೆ ಒತ್ತಬೇಕು, ಮುಂಚೆ ಎತ್ತಿದ್ರೆ ಮಧ್ಯೆ ಗ್ಯಾಪ್ ಬೀಳತ್ತೆ. ಇದನ್ನ ಬಲಗೈ ಇಲ್ದೆ, ಬರೀ ಎಡಗೈ ಮತ್ತೆ ಕಾಲು ಇಟ್ಕೊಂಡು ಎರಡನೇ ಸಾಲಲ್ಲಿ ಅಭ್ಯಾಸ ಮಾಡಿ, ಬೇಜಾರಾಗೋಷ್ಟು ಮಾಡಿ.

ತಾಳ ನಾಲ್ಕು ಬೀಟಿಂದು, ನಿಮಿಷಕ್ಕೆ ಸುಮಾರು 64 ಬೀಟ್. ಒಂದೊಂದು ಬೀಟೂ ಒಳಗೆ ನಾಲ್ಕಾಗಿ ಒಡೆಯತ್ತೆ, ತಕಧಿಮಿ ಅಂತ ಮನಸ್ಸಲ್ಲಿ ಹೇಳ್ಕೊಳ್ಳಿ. ಬಲಗೈಯಲ್ಲಿ ಕಾರ್ಡಿನ ಮೇಲಿನ ಎರಡು ಸ್ವರ ಒಟ್ಟಿಗೆ, ಆಮೇಲೆ ಕೆಳಗಿನ ಸ್ವರ ಬಿಡಿಯಾಗಿ, ಹೀಗೆ ಒಡೆದು ಒಡೆದು ನುಡಿಸಿ. ಮೆಟ್ರೋನೋಮ್ 50ಕ್ಕೆ ಇಟ್ಟು ಶುರು ಮಾಡಿ, ಎಡಗೈ ನೋಡ್ದೆ ನುಡಿಸೋಕೆ ಬರೋವರ್ಗೂ ಮೇಲೆ ಏರಿಸ್ಬೇಡಿ. ಹಾಡೋರು ಮಾತ್ರ ಮೆಟ್ರೋನೋಮಿಗೆ ಅಂಟ್ಕೊಂಡು ಹಾಡ್ಬಾರ್ದು, ಪದ ಎಲ್ಲ ಮಾತಾಡೋ ಹಾಗೆ ಸ್ವಲ್ಪ ಹಿಂದೆ ಮುಂದೆ ಬರ್ಲಿ, ಕೈ ಸ್ಥಿರವಾಗಿದ್ರೆ ಬಾಯಿಗೆ ಅಷ್ಟು ಸ್ವಾತಂತ್ರ್ಯ ಸಿಗತ್ತೆ.

ಒರಿಜಿನಲ್ ರೆಕಾರ್ಡಿಂಗ್ ಕೇಳೋವಾಗ ಯಾವ ವಾದ್ಯ ಯಾವಾಗ ಬರತ್ತೆ ಅಂತ ಬರ್ಕೊಳ್ಳಿ. 1970ರ ಶುರುವಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮಾಡಿದ್ದು, ಪ್ರೊಡ್ಯೂಸರ್ ಗಸ್ ಡಜನ್, ಆರ್ಕೆಸ್ಟ್ರಾ ಬರೆದಿದ್ದು ಪಾಲ್ ಬಕ್‌ಮಾಸ್ಟರ್. ಹಾರ್ಪ್ ನುಡಿಸಿರೋ ಸ್ಕೈಲಾ ಕಂಗಾ ಎಲ್ಟನ್ ಜೊತೆ ರಾಯಲ್ ಅಕಾಡೆಮಿಯಲ್ಲಿ ಓದಿದವರು. ಅಷ್ಟೊಂದು ಜನ ಇದ್ರೂ ಯಾರೂ ಪಿಯಾನೋ ಮೇಲೆ ಬೀಳಲ್ಲ, ಡ್ರಮ್ಸ್ ಅಂತೂ ಎಷ್ಟೋ ಹೊತ್ತು ಸುಮ್ನಿದ್ದು ಆಮೇಲೆ ಮೆಲ್ಲಗೆ ಸೇರ್ಕೊಳತ್ತೆ. ನಮ್ಮಲ್ಲಿ ಮದುವೆ ರಿಸೆಪ್ಷನ್ ಬ್ಯಾಂಡ್‌ಗಳು ಇದನ್ನ ಮೊದಲ ಸಾಲಿಂದಾನೇ ಪ್ಯಾಡ್ ಹೊಡ್ಕೊಂಡು ಶುರು ಮಾಡ್ತಾರೆ, ಕೇಳಿದಾಗೆಲ್ಲ ಹೊಟ್ಟೆ ಉರಿಯತ್ತೆ. ಒಂದು ವರ್ಸ್ ಆದ್ರೂ ಬರೀ ಪಿಯಾನೋ ಮತ್ತೆ ಗಂಟಲು ಬಿಡಿ.

ಹಾಡು ಒಂದೇ ಸಲಕ್ಕೆ ಗೆದ್ದಿದ್ದಲ್ಲ. ಎಲ್ಟನ್‌ಗಿಂತ ಸ್ವಲ್ಪ ಮುಂಚೆ ಥ್ರೀ ಡಾಗ್ ನೈಟ್ ಅನ್ನೋ ಅಮೆರಿಕದ ಬ್ಯಾಂಡ್ ತಮ್ಮ ಆಲ್ಬಮಲ್ಲಿ ಇದನ್ನ ಹಾಡಿತ್ತು. ಎಲ್ಟನ್ ಆಲ್ಬಮ್ 1970ರ ಏಪ್ರಿಲಲ್ಲಿ ಬಂತು, ಅಮೆರಿಕದಲ್ಲಿ ಸಿಂಗಲ್ ಬಿಟ್ಟಾಗ ಯುವರ್ ಸಾಂಗ್ ಇದ್ದದ್ದು ರೆಕಾರ್ಡಿನ ಹಿಂಭಾಗದಲ್ಲಿ, ಮುಂದೆ ಇದ್ದದ್ದು ಬೇರೆ ಹಾಡು. ರೇಡಿಯೋದವರೇ ರೆಕಾರ್ಡ್ ತಿರುಗಿಸಿ ಇದನ್ನ ಹಾಕೋಕೆ ಶುರು ಮಾಡಿದ್ರು, 1971ರ ಶುರುವಿಗೆ ಅಮೆರಿಕದಲ್ಲಿ 8ನೇ ಸ್ಥಾನ, ಬ್ರಿಟನ್ನಲ್ಲಿ 7ನೇ ಸ್ಥಾನದವರೆಗೂ ಹೋಯ್ತು. ಆಮೇಲೆ ಎಲ್ಟನ್ ಬೆಂಗಳೂರಿಗೂ ಬಂದು ಕಾನ್ಸರ್ಟ್ ಕೊಟ್ಟು ಹೋದ.

ಕೊನೆಗೆ ಶ್ರುತಿ ವಿಷಯ. ನಿಮ್ಮ ಜೊತೆ ಹಾಡೋರಿಗೆ ಎರಡೂವರೆ ಮನೆ ಹೊಂದಲ್ಲ ಅಂದ್ರೆ, ಕೈ ಪೂರ್ತಿ ಕೂತ್ಮೇಲೆ, ಆಗ ಬೇಕಾದ್ರೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ, ಇ ಫ್ಲಾಟಿನ ಆಕಾರ ಮಾತ್ರ ಬಿಡ್ಬೇಡಿ. ಗಿಟಾರ್ ಇದ್ರೆ ಕೇಪೋ ಮೂರನೇ ಫ್ರೆಟ್ಟಿಗೆ ಹಾಕಿ ಸಿ ಶೇಪಲ್ಲಿ ನುಡಿಸಲಿ, ಆದ್ರೆ ಗಿಟಾರಿನೋರಿಗೆ ಒಂದು ಮಾತು ಮೊದಲೇ ಹೇಳ್ಬಿಡಿ, ಎರಡನೇ ಸಾಲಲ್ಲಿ ಮೇಲಿನ ತಂತಿ ಮಾತ್ರ ಮೀಟ್ಲಿ, ಬೇಸ್ ಇಳಿಸೋದು ಪಿಯಾನೋ ಎಡಗೈ ಕೆಲಸ. ಬ್ಯಾಂಡಲ್ಲಿ ಬೇಸ್ ಗಿಟಾರ್ ಇದ್ರೆ ಅವರೂ ನೀವೂ ಅದೇ ಸಿ, ಬಿ ಫ್ಲಾಟ್, ಎ, ಎ ಫ್ಲಾಟ್ ಒಟ್ಟಿಗೆ ಇಳೀಬೇಕು, ರಿಹರ್ಸಲಲ್ಲಿ ಬೇರೆ ಎಲ್ಲರನ್ನೂ ನಿಲ್ಲಿಸಿ ನೀವಿಬ್ಬರೇ ಆ ನಾಲ್ಕು ಸ್ವರ ಮೊದಲು ಕೂಡಿಸ್ಕೊಳ್ಳಿ.